ಉಣ್ಣೆ ಜ್ವರ: ಬೀದರ್ ಹೈನುಗಾರರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬಿಸಿಲು ಏರಿದಂತೆ ನಮ್ಮ ಕಡೆ ದನಗಳ ರಕ್ತ ಹೀರುವ ಉಣ್ಣೆ (ಉಣುಗು) ಕಾಟವೂ ಜಾಸ್ತಿ. ಮಿಶ್ರತಳಿ ಹಸು ಇದ್ದವರು ದಯವಿಟ್ಟು ದಿನಾ ಮೈ ನೋಡಿ. ಉಣ್ಣೆ ಕಚ್ಚಿ ಹರಡುವ ಥೈಲೇರಿಯಾ ಎಂಬ ರೋಗಾಣುವಿನ ಜ್ವರ ಅವಕ್ಕೇ ಜೋರಾಗಿ ಬಡಿಯುತ್ತದೆ.

ಈ ರೋಗಾಣು ಎಂಥ ಕೆಲಸ ಮಾಡುತ್ತದೆ ನೋಡಿ. ರೋಗದ ವಿರುದ್ಧ ಕಾದಾಡಬೇಕಾದ ಬಿಳಿ ರಕ್ತಕಣದೊಳಗೇ ಹೊಕ್ಕು ಕೂರುತ್ತದೆ. ಆ ಕಣವನ್ನು ಸಾಯಲು ಬಿಡದೆ, ಕ್ಯಾನ್ಸರ್ ಕಣದಂತೆ ಒಂದೇ ಸಮನೆ ಒಡೆದು ಹೆಚ್ಚುವಂತೆ ಮಾಡುತ್ತದೆ. ಕಣ ಎರಡಾಗುವಾಗ ತಾನೂ ಪಾಲಾಗಿ ಎರಡರಲ್ಲೂ ಉಳಿಯುತ್ತದೆ. ಆದರೆ ಬುಪಾರ್ವಕ್ವೋನ್ ಇಂಜೆಕ್ಷನ್‌ನಿಂದ ರೋಗಾಣು ಸತ್ತರೆ ಈ ಹುಚ್ಚು ಬೆಳವಣಿಗೆಯೂ ನಿಲ್ಲುತ್ತದೆ. ನಿಜವಾದ ಕ್ಯಾನ್ಸರ್‌ನಲ್ಲಿ ಹೀಗಾಗುವುದಿಲ್ಲ ಅಲ್ವಾ!

ಭುಜದ ಮುಂದೆ ಕೈಯಾಡಿಸಿ. ಗಂಟು ಊದಿ, ಜ್ವರವೂ ಇದ್ದರೆ ಸುಮ್ನೆ ಕಾಯಬೇಡಿ. ಅದೇ ದಿನ ಪಶುವೈದ್ಯರನ್ನು ಕರೆದು ರಕ್ತ ಪರೀಕ್ಷೆ ಮಾಡಿಸಿ. ಕೊಟ್ಟಿಗೆ ಗೋಡೆಯ ಬಿರುಕುಗಳನ್ನೂ ಈ ವಾರವೇ ಮುಚ್ಚಿ, ಉಣ್ಣೆ ಅಲ್ಲೇ ಅಡಗಿರುತ್ತದೆ.