ಮಾರ್ಪಡಿಸಿದ ಜೀಪು ಮಾರುವವರು ಬದಲಾವಣೆಗಳನ್ನು ಬರೆದುಕೊಡಲಿ

ಸಂಪಾದಕರಿಗೆ,

ಮಾನ್ಯರೇ,

ಕಾಫಿ ಕೊಯ್ಲು ಮುಗಿದು ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೊಡಗಿನ ತೋಟದ ಮನೆಗಳ ಅಂಗಳದಲ್ಲಿ ಹಳೆಯ ಜೀಪುಗಳು ಕೈ ಬದಲಿಸುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ಇವುಗಳಲ್ಲಿ ಕಂಪನಿಯಿಂದ ಬಂದ ಹಾಗೆಯೇ ಉಳಿದ ಗಾಡಿ ಸಿಗುವುದು ಕಷ್ಟ. ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ಮುಂದೆ ಕಬ್ಬಿಣದ ಗಾರ್ಡ್, ಮೇಲೆ ಎಲ್‌ಇಡಿ ದೀಪದ ಸಾಲು, ಹೊಸ ಬಣ್ಣ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇಂತಹ ಗಾಡಿಯನ್ನು ಮಾರುವವರು ಯಾವ ಬದಲಾವಣೆ ಯಾವಾಗ ಮಾಡಿಸಿದ್ದು, ಅದು ಆರ್.ಸಿ.ಯಲ್ಲಿ (ನೋಂದಣಿ ಪತ್ರದಲ್ಲಿ) ದಾಖಲಾಗಿದೆಯೇ ಇಲ್ಲವೇ, ತೆಗೆದ ಮೂಲ ಭಾಗಗಳು ಎಲ್ಲಿವೆ ಎಂಬುದನ್ನು ಕೊಳ್ಳುವವರಿಗೆ ಬರೆದುಕೊಡುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು 2013ರಲ್ಲಿ ಕೊಂಡ ಥಾರ್ ಜೀಪನ್ನು ಎರಡು ವರ್ಷಗಳ ಹಿಂದೆ ಮಾಕುಟ್ಟ ಗಡಿಯಾಚೆಯ ಕೇರಳದ ಯುವಕರೊಬ್ಬರಿಗೆ ಮಾರಿದೆ. ಬೆಳ್ಳಿ ಬಣ್ಣದಲ್ಲಿ ಬಂದಿದ್ದ ಆ ಗಾಡಿಗೆ, ಸೇನೆಯಲ್ಲಿದ್ದು ನಿವೃತ್ತರಾದ ನನ್ನ ಅಣ್ಣನ ಮೇಲಿನ ಪ್ರೀತಿಯಿಂದ, ಸೈನ್ಯದ ವಾಹನಗಳ ಹಸಿರು ಬಣ್ಣ ಹೊಡೆಸಿದ್ದೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಈ ಬಣ್ಣವನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ; ನಾನೂ ಭಾವಿಸಿರಲಿಲ್ಲ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಬೇರೆ ಬಣ್ಣವಾಗಿದ್ದರೆ ಅದನ್ನು ಆರ್.ಸಿ.ಯಲ್ಲಿ ಸೇರಿಸಿಕೊಳ್ಳಲು ದಾರಿಯಿತ್ತು, ಇದಕ್ಕೆ ಆ ದಾರಿಯೂ ಇರಲಿಲ್ಲ. ಇಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಹೋದ ಗಾಡಿ ಅಲ್ಲಿನ ಸಾರಿಗೆ ಕಚೇರಿಯ ಪರಿಶೀಲನೆಯಲ್ಲಿ ನಿಂತುಬಿಟ್ಟಿತು. ಆ ಯುವಕ ಒಂದು ಮಾತನ್ನೂ ಜೋರಾಗಿ ಆಡದೆ ಗಾಡಿಯನ್ನು ನನ್ನ ಅಂಗಳಕ್ಕೆ ತಂದು ನಿಲ್ಲಿಸಿ, "ಇದನ್ನು ಮೊದಲೇ ಹೇಳಬಹುದಿತ್ತಲ್ಲ ಅಂಕಲ್" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಮುಚ್ಚಿಟ್ಟಿರಲಿಲ್ಲ ನಿಜ, ಆದರೆ ತಿಳಿದುಕೊಂಡೂ ಇರಲಿಲ್ಲ. ಅವರ ಪಾಲಿಗೆ ಎರಡೂ ಒಂದೇ.

ನಾವು ಬದಲಿಸಿ ತೆಗೆದಿಟ್ಟಿದ್ದ ಮೂಲ ಚಕ್ರಗಳು ನಮ್ಮ ಕಾಫಿ ಸ್ಟೋರಿನಲ್ಲಿ ಗೋಣಿಚೀಲಗಳ ಕೆಳಗೆ ಇದ್ದವು. ಮೂಲ ಸ್ಪ್ರಿಂಗುಗಳನ್ನು ಮಾತ್ರ ಎಂದೋ ಗುಜರಿಗೆ ಹಾಕಿದ್ದೆವು, ಅವುಗಳನ್ನು ಮತ್ತೆ ಹುಡುಕಿ ಕೊಳ್ಳಬೇಕಾಯಿತು. ಬಣ್ಣ ಬದಲಿಸಿ, ಗಾರ್ಡ್ ಬಿಚ್ಚಿ, ಎಲ್ಲವನ್ನೂ ಮೊದಲಿನಂತೆ ಮಾಡಿಸಿಕೊಡಲು ಎರಡು ತಿಂಗಳು ಹಿಡಿಯಿತು. ಆ ಖರ್ಚನ್ನು ನಾನೇ ಭರಿಸಿದೆ, ಭರಿಸಬೇಕಾದದ್ದೂ ನಾನೇ.

ಗಾಡಿ ಅಂಗಳದಲ್ಲಿದ್ದ ಆ ದಿನಗಳಲ್ಲಿ ತಿಳಿದುಬಂದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಕಂಪನಿಯಿಂದ ಬಂದದ್ದು 235/70 ಆರ್16 ಅಳತೆಯ ಟೈರು, ಅದರ ವ್ಯಾಸ ಸುಮಾರು 735 ಮಿಲಿಮೀಟರ್. ನಾವು ಹಾಕಿಸಿದ್ದು 265/75 ಆರ್16, ಅದರ ವ್ಯಾಸ ಸುಮಾರು 804 ಮಿಲಿಮೀಟರ್. ದೊಡ್ಡ ಚಕ್ರ ಒಂದು ಸುತ್ತಿಗೆ ಶೇ 9ರಷ್ಟು ಹೆಚ್ಚು ದೂರ ಉರುಳುತ್ತದೆ, ಮೀಟರಾದರೋ ಸುತ್ತುಗಳನ್ನಷ್ಟೇ ಎಣಿಸಿ ಹಳೆಯ ಚಕ್ರದ ಲೆಕ್ಕದಲ್ಲೇ ದೂರ ತೋರಿಸುತ್ತದೆ. ಟೈರು ಬದಲಿಸಿದ ಮೇಲೆ ಮೀಟರಿನಲ್ಲಿ 48,000 ಕಿಲೋಮೀಟರ್ ಏರಿತ್ತು. ಹಾಗೆಂದರೆ ಗಾಡಿ ನಿಜವಾಗಿ ಓಡಿದ್ದು 52,000ಕ್ಕೂ ಮೇಲೆ. ನಾನು ಮೀಟರಿಗೆ ಕೈ ಹಚ್ಚದೆಯೇ ಕೊಳ್ಳುವವರಿಗೆ ಸುಮಾರು ನಾಲ್ಕೂವರೆ ಸಾವಿರ ಕಿಲೋಮೀಟರ್ ಕಡಿಮೆ ತೋರಿಸಿದ್ದೆ! ವೇಗದ ಲೆಕ್ಕವೂ ಹೀಗೆಯೇ: ಮುಳ್ಳು 60ರಲ್ಲಿದ್ದಾಗ ಗಾಡಿ 65ರ ಮೇಲೆ ಓಡುತ್ತಿರುತ್ತದೆ. ಮಾಕುಟ್ಟದ ಇಳಿಜಾರಿನ ತಿರುವುಗಳಲ್ಲಿ, ಅದೂ ಜುಲೈ ತಿಂಗಳ ಮಳೆಯಲ್ಲಿ, ಈ ಅಂತರ ಸಣ್ಣದಲ್ಲ. ದೊಡ್ಡ ಚಕ್ರ ಕ್ಲಚ್ಚಿಗೂ ಬ್ರೇಕಿಗೂ ಹೆಚ್ಚಿನ ಕೆಲಸ ಕೊಡುತ್ತದೆಂಬುದನ್ನು ಯಾವ ಮೆಕ್ಯಾನಿಕ್ ಆದರೂ ಹೇಳುತ್ತಾರೆ.

ಕಾನೂನಿನ ವಿಷಯಕ್ಕೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಬೀಳಬಹುದು. ಮುಂದಿನ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಜಿನ ಕಪ್ಪು ಫಿಲ್ಮ್‌ಗೆ 2012ರಿಂದ ಸುಪ್ರೀಂ ಕೋರ್ಟಿನ ತಡೆಯಿದೆ. ಗಾಡಿ ಕೈ ಬದಲಿಸಿದ ದಿನದಿಂದ ಇವೆಲ್ಲವೂ ಹೊಸ ಮಾಲೀಕರ ತಲೆಗೆ ಬರುತ್ತವೆ. ದಾರಿಯಲ್ಲಿ ತಡೆದು ಕೇಳಿದರೆ ಉತ್ತರ ಕೊಡಬೇಕಾದವರು ಅವರೇ.

ಮಾರಿದವರೂ ನಿಶ್ಚಿಂತರಾಗಿರುವಂತಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ, ಹಣ ಎಣಿಸಿಕೊಂಡು ಕೀಲಿ ಕೊಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಆರ್.ಸಿ.ಗೆ ಹೊಂದದ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಕಚೇರಿಗೆ ತೆಗೆದುಕೊಂಡು ಹೋದರೆ ಎಲ್ಲವೂ ಹೊರಬರುತ್ತದೆಂಬ ಅಳುಕು ಇಬ್ಬರಿಗೂ ಇರುತ್ತದೆ. ಹೀಗೆ ಹೆಸರು ಬದಲಾಗದೆ ಹಲವು ಕೈ ದಾಟಿದ ಕಾರೊಂದರ ಅಪಘಾತದಲ್ಲಿ, ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಛಾಪಾ ಕಾಗದದ ಮೇಲಿನ ಕರಾರು ಆ ಹೊಣೆಯನ್ನು ಇಳಿಸುವುದಿಲ್ಲ. ನಮ್ಮ ಜೀಪುಗಳಲ್ಲಿ ಕೊಯ್ಲಿನ ಕಾಲದಲ್ಲಿ ಬೆಳಗ್ಗೆ ಸಂಜೆ ಕಾರ್ಮಿಕರು ಕಿಕ್ಕಿರಿದು ಪ್ರಯಾಣಿಸುತ್ತಾರೆಂಬುದನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ಅರ್ಜಿ ಕೊಡಬೇಕು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಪರಿಹಾರ ಕೇಳುವಾಗ ತಕರಾರಿಗೆ ಕಾರಣವಾಗುತ್ತದೆ.

ಕೊಡಗಿನಲ್ಲಿ ಮಾಡಿಫೈ ಮಾಡಿಸಿದ ಜೀಪಿಗೇ ಹೆಚ್ಚು ಬೆಲೆ ಎಂದು ಹಲವರು ಹೇಳುತ್ತಾರೆ. ಮಾಂದಲಪಟ್ಟಿ ಬೆಟ್ಟದಂತಹ ಕಡಿದಾದ ದಾರಿಗಳನ್ನು ಕಂಡ ಯುವಕರಿಗೆ ಎತ್ತರದ ಗಾಡಿ ಇಷ್ಟವಾಗುವುದು ಸಹಜ. ಆದರೆ ನನ್ನ ಅನುಭವದಲ್ಲಿ, ಹಾಕಿದ ಹಣದ ಅರ್ಧವೂ ಮಾರಾಟದ ಬೆಲೆಯಲ್ಲಿ ಮರಳಿ ಬರಲಿಲ್ಲ. ನನ್ನ ಗಾಡಿಯನ್ನು ನೋಡಲು ಬಂದ ಮೊದಲ ಮೂವರು, ಇದನ್ನು ಹಳ್ಳಕೊಳ್ಳದಲ್ಲಿ ಎಷ್ಟು ಹಿಂಸಿಸಿದ್ದಾರೋ ಎಂಬ ಅನುಮಾನದಿಂದಲೇ ಹಿಂದಿರುಗಿದ್ದರು. ಮೂಲ ಭಾಗಗಳನ್ನು ಮರಳಿ ಜೋಡಿಸಿ ಗಾಡಿಯನ್ನು ಮಾರಿ, ಟೈರು, ಚಕ್ರ, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್‌ಗಳನ್ನು ಬೇರೆಯಾಗಿ ಮಾರಿದ ನೆರೆಯ ಬೆಳೆಗಾರರೊಬ್ಬರಿಗೆ ನನಗಿಂತ ಹೆಚ್ಚು ಹಣವೂ ಸಿಕ್ಕಿತು, ನೆಮ್ಮದಿಯೂ ಸಿಕ್ಕಿತು. ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ ಎಂದು ಜೀಪಿರುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಹಳೆಯ ಜೀಪುಗಳ ಮಾಲೀಕರಂತೂ ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಇಂದೇ ನೋಡಿಕೊಳ್ಳುವುದು ಒಳ್ಳೆಯದು; ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿ ನವೀಕರಣಕ್ಕೆ ತಪಾಸಣೆ ತಪ್ಪಿದ್ದಲ್ಲ.

ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನನ್ನದೊಂದು ವಿನಂತಿಯಿದೆ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರಗಳಲ್ಲಿ ವರ್ಷಕ್ಕೆ ಒಂದು ದಿನವಾದರೂ, ಮಾರಲು ಬಯಸುವವರು ಗಾಡಿಯನ್ನು ತಂದು ತೋರಿಸಿ, ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ದಾಖಲಿಸಬೇಕು, ಯಾವುದನ್ನು ಬಿಚ್ಚಬೇಕು ಎಂದು ದಂಡದ ಭಯವಿಲ್ಲದೆ ಕೇಳಿ ತಿಳಿಯುವ ಅವಕಾಶ ಮಾಡಿಕೊಡಬೇಕು. ಕುಟ್ಟದಿಂದಲೋ ಕರಿಕೆಯಿಂದಲೋ ಮಡಿಕೇರಿಗೆ ಬಂದು ಹೋಗುವುದಕ್ಕೆ ಒಂದು ದಿನವೇ ಬೇಕು. ಆ ದೂರವೂ ಅಳುಕೂ ಸೇರಿಯೇ ಜನ ಕಚೇರಿಯ ಕಡೆ ಬರುವುದಿಲ್ಲ. ವಾಹನ ಮಾರಾಟದ ಜಾಹೀರಾತುಗಳಲ್ಲಿ ಮಾಡೆಲ್ ಮತ್ತು ಕಿಲೋಮೀಟರಿನ ಜೊತೆಗೆ "ಮಾರ್ಪಾಡುಗಳು" ಎಂಬ ಒಂದು ಸಾಲಿಗೂ ತಮ್ಮ ಪತ್ರಿಕೆ ಜಾಗ ಕೊಡಬೇಕೆಂದು ಕೋರುತ್ತೇನೆ. ಮುಂದಿನ ಕೊಯ್ಲು ಮುಗಿಯುವ ಮೊದಲು ಇವೆರಡೂ ಆರಂಭವಾದರೆ ಆ ವರ್ಷದ ಮಾರಾಟಗಳಿಗೇ ಅನುಕೂಲವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ವಿರಾಜಪೇಟೆ ತಾಲ್ಲೂಕು, ಕೊಡಗು