ಮಗಳಿಗೊಂದು ಪತ್ರ: ಇದರಲ್ಲಿ ‘ರ’ ಎಲ್ಲಿದೆ, ಅಪ್ಪಾ?

ಪ್ರೀತಿಯ ಪುಟ್ಟಿ,

ಕಳೆದ ಭಾನುವಾರ ಫೋನಿನಲ್ಲಿ ಕೇಳಿದ್ದೆಯಲ್ಲ, “ರಾತ್ರಿ ಹನ್ನೊಂದಾದ್ರೂ ಆ ಹಳೇ ಡಬ್ಬದ ಮುಂದೆ ಕೂತು ಏನಪ್ಪಾ ಮಾಡ್ತೀಯ?” ಅಂತ. ಅಮ್ಮ ದೂರು ಹೇಳಿರಬೇಕು. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಆ ಡಬ್ಬ ಹುಟ್ಟಿದ್ದು ನೀನೀಗ ಇರುವ ಕೇಂಬ್ರಿಜ್ ಊರಿನಲ್ಲೇ. ಅಲ್ಲಿನ ಏಕಾರ್ನ್ ಕಂಪನಿ, ಬಿಬಿಸಿಯ ಕಂಪ್ಯೂಟರ್ ಕಲಿಸುವ ಟಿವಿ ಕಾರ್ಯಕ್ರಮಕ್ಕಾಗಿ ಮಾಡಿದ ಯಂತ್ರ. ಹೆಸರು ಬಿಬಿಸಿ ಮೈಕ್ರೊ. ಮಾರುಕಟ್ಟೆಗೆ ಬಂದಿದ್ದು 1981ರ ಡಿಸೆಂಬರ್‌ನಲ್ಲಿ. ಒಳಗೆ 6502 ಎಂಬ ಚಿಪ್, ವೇಗ 2 ಮೆಗಾಹರ್ಟ್ಸ್. ನೆನಪಿನ ಜಾಗ 32 ಕೆಬಿ, ಅಷ್ಟೇ. ಮೊನ್ನೆ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಹಿಮದ ಫೋಟೊ ಒಂದೂ ಇದರಲ್ಲಿ ಹಿಡಿಸುವುದಿಲ್ಲ.

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿ ಶಾಲೆಗಳಿಗೆ ಈ ಕಂಪ್ಯೂಟರ್ ಕೊಟ್ಟಿತು. ನಮ್ಮ ಶಾಲೆಗೂ ಬಂತು. ಗಣಿತದ ಮೇಷ್ಟ್ರು ಎಂದು ನನ್ನನ್ನೇ ತರಬೇತಿಗೆ ಕಳಿಸಿದರು. ಆಗ ಆ ಕೋಣೆಗೆ ಇದ್ದ ಮರ್ಯಾದೆ ಎಷ್ಟು ಅಂತೀಯ! ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಯಂತ್ರಕ್ಕೆ ಹೊದಿಸಿದ ಬಟ್ಟೆಯನ್ನು ದಿನಕ್ಕೊಬ್ಬ ಹುಡುಗ ಮಡಚಿಡಬೇಕು. ಒಂದು ಕೀಬೋರ್ಡಿಗೆ ಹತ್ತು ಮಕ್ಕಳು. ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದೆವು. ಈಗಲೂ ಎಡಗಡೆ ಮೂಲೆಯಲ್ಲಿ ಆ ಕೆಂಪು ಕಲೆ ಇದೆ. ನಾನು ಒರೆಸಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಶನಿವಾರ ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಗಷ್ಟೇ ಸ್ಲೇಟಿನ ಮೇಲೆ ರ, ಗ, ಸ, ದ ತಿದ್ದುತ್ತಿದ್ದೆ ನೀನು. ಸ್ಟೂಲಿನ ಮೇಲೆ ಮಂಡಿಯೂರಿ ಕೂತು, ಕೆಂಪು ಕೀಗಳನ್ನೆಲ್ಲ ಮುಟ್ಟಿ ನೋಡಿದೆ. ಆಮೇಲೆ ಒಂದೊಂದೇ ಕೀ ಮೇಲೆ ಬೆರಳಿಟ್ಟು ಹುಡುಕುತ್ತಾ ಹೋದೆ. ಕೊನೆಗೆ ನನ್ನ ಕಡೆ ತಿರುಗಿ, “ಇದ್ರಲ್ಲಿ ‘ರ’ ಎಲ್ಲಿದೆ, ಅಪ್ಪಾ?” ಅಂದೆ. “ಇಲ್ಲ ಪುಟ್ಟಿ, ಇದಕ್ಕೆ ಕನ್ನಡ ಬರಲ್ಲ” ಅಂದುಬಿಟ್ಟೆ. ನೀನು ಮತ್ತೆ ಕೇಳಲಿಲ್ಲ. ಸ್ಟೂಲಿನಿಂದ ಇಳಿದು ಹೊರಗೆ ಆಡಲು ಹೋದೆ.

ಮುಂದೆ ಶಾಲೆಗೆ ಹೊಸ ಕಂಪ್ಯೂಟರ್ ಬಂದು, ಹಳೆಯವನ್ನು ಗುಜರಿಗೆ ಹಾಕುವಾಗ ಒಂದನ್ನು ನಾನು ದುಡ್ಡು ಕೊಟ್ಟು ಮನೆಗೆ ತಂದೆ. ಅಟ್ಟ ಸೇರಿತು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, ಕಳೆದ ಮಳೆಗಾಲದಲ್ಲಿ, ಕೆಳಗಿಳಿಸಿದೆ.

ಸ್ವಿಚ್ ಹಾಕಿದಾಗ ಎರಡು ದನಿಯ ಬೀಪ್ ಕೇಳಿಸಿತು. ಅದನ್ನು ಕೇಳಿ ಎಷ್ಟು ಕಾಲವಾಗಿತ್ತು! ಹತ್ತು ನಿಮಿಷವೂ ಆಗಿಲ್ಲ, ಪಟ್ ಎಂದು ಸದ್ದು. ಕೋಣೆ ತುಂಬಾ ಹೊಗೆ, ಕೆಟ್ಟ ವಾಸನೆ. ಅಮ್ಮ ಓಡಿಬಂದು ಮೇನ್ ಸ್ವಿಚ್ ಆರಿಸಿದಳು. ಇನ್ನು ಮುಗಿಯಿತು ಅಂದುಕೊಂಡೆ. ಆದರೆ ಹಾಗಲ್ಲ. ಈ ಯಂತ್ರದ ಪವರ್ ಸಪ್ಲೈ ಒಳಗೆ ಕಾಗದದ ಪದರವಿರುವ ಒಂದು ಜಾತಿಯ ಕೆಪಾಸಿಟರ್ ಇದೆ. ವಯಸ್ಸಾದಂತೆ ಅದರ ಮೈ ಬಿರುಕು ಬಿಟ್ಟು ತೇವ ಎಳೆದುಕೊಳ್ಳುತ್ತದೆ, ಕರೆಂಟ್ ಬಿದ್ದಾಗ ಸಿಡಿಯುತ್ತದೆ. ಈ ಯಂತ್ರ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ. ನಮ್ಮ ರಸ್ತೆಯ ಟಿವಿ ರಿಪೇರಿಯ ಹುಡುಗ ಹೊಸದನ್ನು ಹಾಕಿಕೊಟ್ಟ. ಹಾಗೇ ಬೋರ್ಡಿನ ಮೇಲೆ ಒಂದು ಚಿಕ್ಕ ಬೆಸುಗೆಯನ್ನೂ ಹಾಕಿಸಿಕೊಂಡೆ. ಅದಿಲ್ಲದಿದ್ದರೆ ನಮ್ಮ ಹಳೇ ಟಿವಿಯಲ್ಲಿ ಬರೀ ಕಪ್ಪು ಬಿಳುಪು ಬರುತ್ತಿತ್ತು. ಈಗ ಬಣ್ಣ ಬರುತ್ತದೆ.

ಆಟಗಳ ಕ್ಯಾಸೆಟ್‌ಗಳೆಲ್ಲ ಬೂಷ್ಟು ಹಿಡಿದಿದ್ದವು. ಆದರೆ ಕ್ಯಾಸೆಟ್ಟಿನಲ್ಲಿ ಇರುವುದು ಬರೀ ಶಬ್ದ ತಾನೇ? ಆ ಶಬ್ದವನ್ನು ಫೋನಿನಲ್ಲಿ ಇಟ್ಟುಕೊಂಡು, ಇಯರ್‌ಫೋನ್ ತೂತಿನಿಂದ ಒಂದು ವೈರ್ ಎಳೆದು ಯಂತ್ರಕ್ಕೆ ಕೇಳಿಸುತ್ತೇನೆ. ಕೀಚ್ ಕೀಚ್ ಅನ್ನುತ್ತಾ ಸೆಕೆಂಡಿಗೆ 1200 ಬಿಟ್ ಲೆಕ್ಕದಲ್ಲಿ ಒಳಗೆ ಹೋಗುತ್ತದೆ. ಕಾಯಬೇಕು. ಕಾಫಿ ಕುಡಿದು ಬರುವಷ್ಟು ಹೊತ್ತು.

ಇಲ್ಲೊಂದು ವಿಷಯ ಹೇಳಲೇಬೇಕು. ಆ ಫೋನಿನ ಒಳಗಿನ ಆರ್ಮ್ ಚಿಪ್ ಇದೆಯಲ್ಲ, ಅದರ ಮೂಲವೂ ಏಕಾರ್ನ್. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದನ್ನು ರೂಪಿಸಿದರು. ಮೊದಲ ಆರ್ಮ್ ಚಿಪ್ ಓಡಿದ್ದು 1985ರ ಏಪ್ರಿಲ್ 26ರಂದು, ಇದೇ ಬಿಬಿಸಿ ಮೈಕ್ರೊಗೆ ಜೋಡಿಸಿ. ಈ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಬಿಬಿಸಿ ಬೇಸಿಕ್ ಭಾಷೆ ರೂಪಿಸಿದವರೂ ಸೋಫಿ ವಿಲ್ಸನ್ ಅವರೇ. ಫೋನಿನಿಂದ ಆಟ ತುಂಬುವಾಗೆಲ್ಲ, ಮೊಮ್ಮಗು ಅಜ್ಜಿಗೆ ತುತ್ತು ಕೊಡುತ್ತಿರುವ ಹಾಗೆ ಕಾಣುತ್ತದೆ ನನಗೆ. ನೀನು ಬಸ್ಸಿನಲ್ಲಿ ಹೋಗುವ ಫುಲ್‌ಬೋರ್ನ್ ರಸ್ತೆಯಲ್ಲಿ ಆರ್ಮ್ ಕಚೇರಿ ಇದೆ. ಹಿಂದೆ ಏಕಾರ್ನ್ ಇದ್ದದ್ದೂ ಅದೇ ರಸ್ತೆಯಲ್ಲಿ. ಇನ್ನೊಂದು ಸಲ ಹೋಗುವಾಗ ಕಿಟಕಿಯಿಂದ ನೋಡು.

ಈಗ ಆಟ. ರೆಪ್ಟನ್ ಆಡುತ್ತೇನೆ. ಮಣ್ಣು ಅಗೆದು ವಜ್ರ ಹುಡುಕಬೇಕು, ಮೇಲಿನಿಂದ ಬೀಳುವ ಬಂಡೆಗೆ ಸಿಕ್ಕಬಾರದು. 1985ರಲ್ಲಿ ಟಿಮ್ ಟೈಲರ್ ಎಂಬ ಹದಿನಾರರ ಹುಡುಗ ಬರೆದದ್ದು. ಆದರೆ ನನ್ನ ರಾತ್ರಿಗಳನ್ನು ತೆಗೆದುಕೊಂಡಿರುವುದು ಎಲೀಟ್. 1984ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಮಾಡಿದ ಆಟ. ನೀನೊಂದು ಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ವ್ಯಾಪಾರಕ್ಕೆ ಹೋಗುತ್ತೀಯ. ಎಂಟು ನಕ್ಷತ್ರಲೋಕ, ಒಂದೊಂದರಲ್ಲೂ 256 ಗ್ರಹ. ಅಂದರೆ 2048. ಪ್ರತಿಯೊಂದಕ್ಕೂ ಹೆಸರು, ಸರ್ಕಾರ, ಸಂತೆಯ ಬೆಲೆ.

32 ಕೆಬಿಯಲ್ಲಿ ಇಷ್ಟನ್ನು ಎಲ್ಲಿಟ್ಟರು? ಎಲ್ಲೂ ಇಟ್ಟಿಲ್ಲ ಪುಟ್ಟಿ! ಇಟ್ಟಿರುವುದು ಬರೀ ಮೂರು ಸಂಖ್ಯೆ, ಒಟ್ಟು ಆರು ಬೈಟ್. ಮೂರನ್ನೂ ಕೂಡಿದರೆ ಮುಂದಿನ ಸಂಖ್ಯೆ. ಮೊದಲನೆಯದನ್ನು ಬಿಟ್ಟು ಮತ್ತೆ ಕೂಡು. ಹೀಗೇ ಹೋದರೆ ಗ್ರಹಗಳು ಒಂದಾದ ಮೇಲೊಂದು ಹುಟ್ಟುತ್ತವೆ. ಬೀಜದಂತಿರುವ ಆ ಮೂರು ಸಂಖ್ಯೆ ಅವೇ ಆದ್ದರಿಂದ ಯಾವಾಗ ಲೆಕ್ಕ ಹಾಕಿದರೂ ಅದೇ ಗ್ರಹ, ಅದೇ ಹೆಸರು. ಮೂವತ್ತು ವರ್ಷ ಸರಣಿಗಳನ್ನು ಪಾಠ ಮಾಡಿದವನು ನಾನು. ಸರಣಿಯೊಳಗೆ ಊರುಗಳಿರಬಹುದು ಅಂತ ಹೊಳೆದೇ ಇರಲಿಲ್ಲ. ನಂಬಿಕೆ ಬಾರದೆ, ಬೇಸಿಕ್‌ನಲ್ಲಿ ಒಂದಿಷ್ಟು ಸಾಲು ಬರೆದು ನಾನೇ ಲೆಕ್ಕ ಹಾಕಿದೆ. ಎಂಟನೇ ಹೆಸರಾಗಿ ‘ಲೇವ್’ ಪರದೆಯ ಮೇಲೆ ಬಂತು. ಆಟ ಶುರುವಾಗುವ ಗ್ರಹ ಅದು. ಆ ರಾತ್ರಿಯೇ ಅಮ್ಮ ಎದ್ದು ಬಂದು ಗಂಟೆ ನೋಡಿ ಬೈದದ್ದು.

ಅಲ್ಲಿಂದ ನನ್ನದೇ ಒಂದು ಆಟ ಮಾಡಬೇಕು ಅನ್ನಿಸಿತು. ಮೇಲಿನಿಂದ ಕನ್ನಡದ ಅಕ್ಷರಗಳು ಬೀಳುತ್ತವೆ, ಕೆಳಗೆ ಬುಟ್ಟಿ ಹಿಡಿದು ಹಿಡಿಯಬೇಕು. ಈ ಯಂತ್ರದಲ್ಲಿ ಪರದೆಗೆ ಹಲವು ಬಗೆ ಇವೆ, ಅವಕ್ಕೆ ಮೋಡ್ ಅನ್ನುತ್ತಾರೆ. ನಾಲ್ಕು ಬಣ್ಣ ಬೇಕೆಂದು ಮೋಡ್ 1 ತೆಗೆದುಕೊಂಡೆ. ಪರದೆಗೇ 20 ಕೆಬಿ ಹೋಯಿತು. ಯಂತ್ರದ ಸ್ವಂತ ಕೆಲಸಕ್ಕೆ ಮೂರೂವರೆ. ನನಗೆ ಉಳಿದಿದ್ದು ಎಂಟೂವರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದ ಹಾಗೆ, ಪ್ರತಿ ಬೈಟನ್ನೂ ಎಣಿಸುತ್ತೇನೆ. ಸಾಲುಗಳ ನಡುವಿನ ಖಾಲಿ ಜಾಗ ತೆಗೆದೆ. ಉದ್ದುದ್ದ ಹೆಸರುಗಳನ್ನು ಒಂದಕ್ಷರಕ್ಕೆ ಇಳಿಸಿದೆ. ದಶಮಾಂಶ ಬಿಟ್ಟು ಪೂರ್ಣಾಂಕ ಹಿಡಿದ ಮೇಲೆ ಬುಟ್ಟಿ ಜೋರಾಗಿ ಓಡತೊಡಗಿತು. ಏನು ತಪ್ಪಾದರೂ ಅದು ನಾನು ಬರೆದ ಆ ಸಾಲುಗಳಲ್ಲೇ ಇರಬೇಕು. ಹುಡುಕಿದರೆ ಸಿಕ್ಕೇ ಸಿಗುತ್ತದೆ. ನನಗೆ ಈ ಯಂತ್ರ ಇಷ್ಟು ಇಷ್ಟವಾಗುವುದು ಅದಕ್ಕೇ.

ಅಕ್ಷರ ಬರೆಯುವುದೇ ದೊಡ್ಡ ಕೆಲಸ. ಕೀಬೋರ್ಡಿನಲ್ಲಿ ಇಲ್ಲದ ಚಿತ್ರವನ್ನು ಎಂಟು ಸಾಲು, ಎಂಟು ಚೌಕದಲ್ಲಿ ನಾವೇ ಬರೆದು ಕೊಡಬಹುದು. ಒಂದು ಸಾಲಿಗೆ ಒಂದು ಸಂಖ್ಯೆ. ಎಡದಿಂದ ಚೌಕಗಳ ಬೆಲೆ 128, 64, 32, 16, 8, 4, 2, 1. ತುಂಬಿದ ಚೌಕಗಳನ್ನು ಕೂಡಿದರೆ ಆಯಿತು. ಗ ಸುಲಭವಾಗಿ ಬಂತು. ಘ, ಝ ಎಂಟು ಚೌಕಕ್ಕೆ ಹಿಡಿಸಲೇ ಇಲ್ಲ. ಅಂಥವಕ್ಕೆ ನಾಲ್ಕು ಚಿತ್ರ ಜೋಡಿಸಿ ಒಂದು ಅಕ್ಷರ ಮಾಡಬೇಕು. ಇರುವುದು 32 ಚಿತ್ರಕ್ಕೆ ಜಾಗ, ಅಂದರೆ ಬರೀ ಎಂಟು ದೊಡ್ಡ ಅಕ್ಷರ. ಅದಕ್ಕೇ ಆಟದ ಹಂತಕ್ಕೆ ಎಂಟೆಂಟು ಅಕ್ಷರ ಮಾಡಿದೆ. ಮುಂದಿನ ಹಂತಕ್ಕೆ ಹೋದಾಗ ಹಳೆಯವು ಅಳಿಸಿ ಹೊಸವು ಬರುತ್ತವೆ. ಒತ್ತಕ್ಷರಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಇದೆಲ್ಲ ಯಂತ್ರದ ಜೊತೆ ಬಂದ ಕೈಪಿಡಿಯಲ್ಲೇ ಇತ್ತು, ಪುಟ್ಟಿ. ಆ ಶನಿವಾರ ನೀನು ಕೇಳಿದಾಗಲೂ ಅದು ಅದೇ ಮೇಜಿನ ಮೇಲಿತ್ತು. ನಾನು ಆ ಪುಟ ಓದಿರಲಿಲ್ಲ. ಓದಿದ್ದರೆ ಐದು ನಿಮಿಷದ ಕೆಲಸ. ಈ ಸಂಕಟ ನನಗೆ ನಿಜವಾಗಿಯೂ ಇದೆ.

ನಿಮ್ಮೂರಿನಲ್ಲಿ ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ ಎಂಬ ಮ್ಯೂಸಿಯಂ ಇದೆ. ಅಲ್ಲಿ ಬಿಬಿಸಿ ಮೈಕ್ರೊಗಳನ್ನು ಮುಟ್ಟಿ ನೋಡಬಹುದು. ಬಿಡುವಾದಾಗ ಹೋಗು. ಮೊದಲು ಮೋಡ್ 4 (MODE 4) ಎಂದು ಕೊಟ್ಟು ರಿಟರ್ನ್ ಒತ್ತು. ಅದು ಕೊಡದಿದ್ದರೆ ಚಿತ್ರ ಕಾಣುವುದಿಲ್ಲ. ಆಮೇಲೆ ವಿಡಿಯು (VDU) ಎಂದು ಬರೆದು, ಈ ಸಂಖ್ಯೆಗಳನ್ನು ನಡುವೆ ಅಲ್ಪವಿರಾಮ ಹಾಕಿ ಟೈಪ್ ಮಾಡು:

23, 224, 2, 124, 16, 60, 66, 66, 66, 60

ಮತ್ತೆ ರಿಟರ್ನ್. ಕೊನೆಗೆ ವಿಡಿಯು 224 ಎಂದು ಕೊಟ್ಟು ಪರದೆ ನೋಡು.

ನಿನ್ನ ಪ್ರೀತಿಯ
ಅಪ್ಪ