ಅರಳುಮರಳು ಎಂದು ಸುಮ್ಮನಾಗಬೇಡಿ

ಮಾನ್ಯರೇ,

ಐವತ್ತು ವರ್ಷ ಬಾಳಿದ ಮನೆಯ ಜಗಲಿಯಲ್ಲೇ ಕೂತು, ಸೆರಗಿನ ತುದಿಗೆ ಬಸ್ ಚಾರ್ಜಿನ ಚಿಲ್ಲರೆ ಗಂಟು ಹಾಕಿಕೊಂಡು, ಸಂಜೆಯಾದರೆ ನಮ್ಮಮ್ಮ ‘ನಡಿ, ಮನೆಗೆ ಹೋಗೋಣ’ ಎನ್ನುತ್ತಾರೆ. ‘ಅರವತ್ತಕ್ಕೆ ಅರಳುಮರಳು’ ಎಂದುಕೊಂಡು ನಾವು ಎರಡು ವರ್ಷ ಕಳೆದುಬಿಟ್ಟೆವು. ನೆನಪು, ಯೋಚನಾಶಕ್ತಿ ಕುಂದಿಸುವ ಡಿಮೆನ್ಷಿಯಾ ಮುಪ್ಪಿನ ಸಹಜ ಗುಣವಲ್ಲ, ಕಾಯಿಲೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬರುವ ಮರೆವಿಗಂತೂ ಮದ್ದಿದೆ. ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಸ್ವಾಗತಾರ್ಹ. ಆದರೆ ಅದರ ಸುದ್ದಿ ನಮ್ಮ ಹಳ್ಳಿಗೆ ಮುಟ್ಟಲೇ ಇಲ್ಲ. ಸೆಪ್ಟೆಂಬರ್ ಹೇಗೂ ವಿಶ್ವ ಅಲ್ಝೈಮರ್ಸ್ (ಡಿಮೆನ್ಷಿಯಾದ ಮುಖ್ಯ ರೂಪ) ಮಾಸ. ವಿಧಾನಮಂಡಲ ಕಾನೂನು ತಂದು ಅದನ್ನೇ ರಾಜ್ಯದ ಮೆದುಳು ಆರೋಗ್ಯ ಮಾಸವೆಂದು ಘೋಷಿಸಲಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ಜೊತೆಗೆ ಹಿರಿಯರ ನೆನಪನ್ನೂ ವಿಚಾರಿಸುವಂತಾಗಲಿ.

–ಓದುಗರೊಬ್ಬರು, ತಿಪಟೂರು ತಾಲ್ಲೂಕು